ತೊಗರಿ ಹಿಡಿದು ಸೂಕ್ಷ್ಮ ಅರ್ಥಶಾಸ್ತ್ರ ಕಲಿಸಿದ ನನ್ನ ಅನುಭವ

2017ರ ಫೆಬ್ರುವರಿ. ಕಲಬುರಗಿಯ ಕಾಲೇಜೊಂದರಲ್ಲಿ ಬಿ.ಎ. ಮೊದಲ ವರ್ಷದವರಿಗೆ ಪೂರೈಕೆಯ ನಿಯಮ ಹೇಳುತ್ತಿದ್ದೆ. ಬೆಲೆ ಏರಿದರೆ ಪೂರೈಕೆ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ. ರೇಖೆ ಎಳೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಆಳಂದ ಕಡೆಯ ಹುಡುಗನೊಬ್ಬ ಎದ್ದು ನಿಂತ.

"ಮೇಡಂ, ಹೋದ ವರ್ಷ ರೇಟ್ ಏರಿತ್ತಂತ ನಮ್ಮಪ್ಪ ನಾಲ್ಕೂ ಎಕರೆ ತೊಗರಿನೇ ಹಾಕಿದ್ರು. ನೀವು ಹೇಳಿದಂಗೇ ಮಾಡ್ಯಾರ. ಮತ್ತ್ಯಾಕ ಲುಕ್ಸಾನ ಆತು?"

ತರಗತಿಯಲ್ಲಿ ಯಾರೂ ನಗಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಯಲ್ಲಿ ಅದೇ ಕಥೆ ನಡೆದಿತ್ತು. 2014 ಮತ್ತು 2015ರಲ್ಲಿ ಮಳೆ ಕೈಕೊಟ್ಟು, 2015ರ ಕೊನೆಗೆ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಆ ಬೆಲೆ ಕಂಡವರೆಲ್ಲ 2016ರ ಮುಂಗಾರಿನಲ್ಲಿ ತೊಗರಿ ಬಿತ್ತಿದರು. ಮಳೆಯೂ ಚೆನ್ನಾಗಿ ಆಯಿತು. ರಾಶಿ ಮುಗಿದು ಚೀಲಗಳು ಗಂಜಿಗೆ, ಅಂದರೆ ಇಲ್ಲಿನ ಸಗಟು ಮಾರುಕಟ್ಟೆಗೆ ಬಂದಾಗ ಪೇಟೆಯ ದರ ಬೋನಸ್ ಸೇರಿದ ಬೆಂಬಲ ಬೆಲೆಯಾದ ಕ್ವಿಂಟಲ್‌ಗೆ 5,050 ರೂಪಾಯಿಗಿಂತ ಕೆಳಗಿತ್ತು. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರ್‌ಗಳ ಸಾಲು.

ಆ ದಿನ ನನ್ನ ಬಳಿ ತಕ್ಕ ಉತ್ತರ ಇರಲಿಲ್ಲ. "ಇತರ ಅಂಶಗಳು ಸ್ಥಿರವಾಗಿದ್ದಾಗ ಮಾತ್ರ ನಿಯಮ ನಡೆಯುತ್ತದೆ" ಎಂದೆ. ಅದು ಸರಿಯಾದ ಮಾತೇ, ಆದರೆ ಆ ಹುಡುಗನಿಗೆ ಅದರಿಂದ ಏನೂ ಸಿಗಲಿಲ್ಲ. ಅವನು ಕೂತ ರೀತಿ ನನಗೆ ಇಂದಿಗೂ ನೆನಪಿದೆ. ಅಂದಿನಿಂದ ನಾನು ಪಾಠದ ಕ್ರಮವನ್ನೇ ಬದಲಿಸಿದೆ. ಹೇಗೆ ಬದಲಿಸಿದೆ ಎಂಬುದನ್ನು, ಒಬ್ಬೊಬ್ಬ ಕೊಳ್ಳುವವನ, ಮಾರುವವನ ತೀರ್ಮಾನಗಳನ್ನು ನೋಡುವ ಸೂಕ್ಷ್ಮ ಅರ್ಥಶಾಸ್ತ್ರವನ್ನು ಹೊಸದಾಗಿ ಓದುವವರಿಗೂ ಕಲಿಸುವವರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಈಗ ನಾನು ವ್ಯಾಖ್ಯೆಗಳಿಂದ ಶುರು ಮಾಡುವುದಿಲ್ಲ, ಹೊಲದಿಂದ ಶುರು ಮಾಡುತ್ತೇನೆ. ಜೂನ್‌ನಲ್ಲಿ ಒಂದು ಎಕರೆ ಎರೆ ಹೊಲ ಇದೆ ಅನ್ನೋಣ. ತೊಗರಿ ಹಾಕಿದರೆ ಡಿಸೆಂಬರ್, ಜನವರಿಯ ತನಕ ಹೊಲ ಅದರದ್ದೇ. ಹೆಸರು ಹಾಕಿದರೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಹೊಲ ಖಾಲಿಯಾಗುತ್ತದೆ, ಹಿಂಗಾರಿಗೆ ಜೋಳವನ್ನೋ ಕಡಲೆಯನ್ನೋ ಬಿತ್ತಬಹುದು. ಹಾಗಾದರೆ ತೊಗರಿಯ ಖರ್ಚು ಎಷ್ಟು? ಮಕ್ಕಳು ಬೀಜ, ಗೊಬ್ಬರ, ಔಷಧಿ, ಕೂಲಿ ಎಂದು ಲೆಕ್ಕ ಬರೆಯುತ್ತಾರೆ. ನಾನು ಕಾಯುತ್ತೇನೆ. ಕೊನೆಗೆ ಯಾರಾದರೂ ಒಬ್ಬಳು, "ಹೆಸರು, ಜೋಳ ಎರಡೂ ಹೋದ್ವಲ್ರಿ ಮೇಡಂ" ಅನ್ನುತ್ತಾಳೆ. ಬಿಟ್ಟುಕೊಟ್ಟ ಆ ಹೆಸರು ಮತ್ತು ಜೋಳದ ನಿವ್ವಳ ಆದಾಯವೇ ತೊಗರಿಯ ಅವಕಾಶ ವೆಚ್ಚ. ಪಾಸ್‌ಬುಕ್‌ನಲ್ಲಿ ಎಲ್ಲೂ ಕಾಣದ ಈ ಖರ್ಚು ರೈತನ ತೀರ್ಮಾನದಲ್ಲಿ ಎಲ್ಲಕ್ಕಿಂತ ದೊಡ್ಡದು. ಇದೊಂದು ಮಾತು ತಲೆಗೆ ಹೋದರೆ ಸೂಕ್ಷ್ಮ ಅರ್ಥಶಾಸ್ತ್ರದ ಬಾಗಿಲು ತೆರೆದಂತೆ ಎಂದು ನಾನು ನಂಬಿದ್ದೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಇನ್ನೊಂದು ಉದಾಹರಣೆ ಸಿಕ್ಕಿತು. ಟಿಕೆಟ್ ಬೆಲೆ ಸೊನ್ನೆಯಾದರೂ ಸ್ಟ್ಯಾಂಡಿನಲ್ಲಿ ಕಾಯುವ ಹೊತ್ತಿಗೆ ಬೆಲೆ ಇದ್ದೇ ಇದೆ.

ಇಳಿಮುಖ ಸೀಮಾಂತ ತುಷ್ಟಿಗುಣಕ್ಕೆ, ಅಂದರೆ ಒಂದೇ ವಸ್ತುವನ್ನು ಮತ್ತೆ ಮತ್ತೆ ಬಳಸಿದಂತೆ ಪ್ರತಿ ಹೊಸ ಪಾಲಿನಿಂದ ಸಿಗುವ ತೃಪ್ತಿ ಕಡಿಮೆಯಾಗುತ್ತದೆ ಎಂಬ ಮಾತಿಗೆ, ಹೆಚ್ಚು ಹೊತ್ತು ಬೇಡ. ಏಪ್ರಿಲ್‌ನ ಕಲಬುರಗಿ ಬಿಸಿಲಲ್ಲಿ ಬಂದವನಿಗೆ ಮೊದಲ ಗ್ಲಾಸ್ ಕಬ್ಬಿನ ಹಾಲು, ಎರಡನೆಯದು, ಮೂರನೆಯದು ಎಂದರೆ ಸಾಕು, ಉಳಿದದ್ದನ್ನು ಅವರೇ ಹೇಳುತ್ತಾರೆ.

ಒಂದು ಕಡೆ ಮಾತ್ರ ನಿಧಾನಿಸುತ್ತೇನೆ. 'ಕೀಳು ಸರಕು' ಎಂಬ ಪದಕ್ಕೆ ಜೋಳದಂಥ ಧಾನ್ಯಗಳನ್ನು ಉದಾಹರಣೆ ಕೊಡುವುದು ನಮ್ಮಲ್ಲಿ ರೂಢಿ. ಒಮ್ಮೆ ಸೇಡಂ ಕಡೆಯ ಹುಡುಗಿ, "ನಮ್ಮ ರೊಟ್ಟಿ ಕೀಳಾ ಮೇಡಂ?" ಎಂದು ನೊಂದು ಕೇಳಿದಳು. ನಿಜಕ್ಕೂ ಆ ಪದ ಗುಣಮಟ್ಟದ ಬಗ್ಗೆ ಏನೂ ಹೇಳುವುದಿಲ್ಲ. ಆದಾಯ ಹೆಚ್ಚಿದಾಗ ಯಾವುದಕ್ಕೆ ಬೇಡಿಕೆ ಕಡಿಮೆಯಾಗುತ್ತದೋ ಅದಕ್ಕೆ ಆ ಹೆಸರು, ಅಷ್ಟೇ. ನಮ್ಮ ಕಡೆ ಕೈಯಲ್ಲಿ ದುಡ್ಡು ಇರುವವರೇ ಒಳ್ಳೆಯ ಮಾಲ್ದಂಡಿ ಬಿಳಿಜೋಳ ಹುಡುಕಿ ಕೊಳ್ಳುತ್ತಾರೆ. ಹಾಗಾಗಿ ಆ ಉದಾಹರಣೆ ಇಲ್ಲಿ ಹೊಂದುವುದೇ ಇಲ್ಲ. ಯಾವ ವಸ್ತು ಕೀಳು ಎಂಬುದನ್ನು ಆ ಊರಿನ ಜನರ ಖರೀದಿ ತೀರ್ಮಾನಿಸಬೇಕು. ಅಂದಿನಿಂದ ಆ ಉದಾಹರಣೆಯನ್ನು ನಾನು ಬಳಸಿಲ್ಲ.

ಇನ್ನು ಬೆಲೆ ಹೇಗೆ ನಿಲ್ಲುತ್ತದೆ ಎಂಬ ವಿಷಯ. ಇದಕ್ಕೆ ಒಂದು ಆಟ ಆಡಿಸುತ್ತೇನೆ. ತರಗತಿಯೊಳಗೆ ಮಾರುಕಟ್ಟೆ ನಡೆಸುವ ಪ್ರಯೋಗವನ್ನು ಅರ್ಥಶಾಸ್ತ್ರಜ್ಞ ಎಡ್ವರ್ಡ್ ಚೇಂಬರ್ಲಿನ್ 1948ರಲ್ಲಿ ಪ್ರಕಟಿಸಿದ್ದರು. ಮುಂದೆ ಅದನ್ನು ಬೆಳೆಸಿದ ವರ್ನನ್ ಸ್ಮಿತ್ 2002ರಲ್ಲಿ ನೊಬೆಲ್ ಪಡೆದರು. ನನ್ನದು ಅದರ ಸರಳ ರೂಪ. ಒಂಬತ್ತು ಮಂದಿ ರೈತರು, ಒಂಬತ್ತು ಮಂದಿ ದಾಲ್ ಮಿಲ್‌ನವರು. ಪ್ರತಿಯೊಬ್ಬರಿಗೂ ಒಂದು ಚೀಟಿ, ಬೇರೆಯವರಿಗೆ ತೋರಿಸುವಂತಿಲ್ಲ. ರೈತರ ಚೀಟಿಯಲ್ಲಿ 50ರಿಂದ 90ರವರೆಗೆ ಐದೈದು ಹೆಚ್ಚುವ ಸಂಖ್ಯೆ, ಅದಕ್ಕಿಂತ ಕಡಿಮೆಗೆ ಕಿಲೋ ತೊಗರಿ ಮಾರಕೂಡದು. ಮಿಲ್‌ನವರ ಚೀಟಿಯಲ್ಲಿ 100ರಿಂದ 60ರವರೆಗೆ ಇಳಿಯುವ ಸಂಖ್ಯೆ, ಅದಕ್ಕಿಂತ ಹೆಚ್ಚಿಗೆ ಕೊಳ್ಳಕೂಡದು. ಒಬ್ಬರಿಗೆ ಒಂದೇ ಚೀಲ, ಐದು ನಿಮಿಷ ಸಮಯ. ವ್ಯಾಪಾರ ಕುದುರಿದ ಕೂಡಲೇ ದರವನ್ನು ಹಲಗೆಯ ಮೇಲೆ ಬರೆಯಬೇಕು.

ಮೊದಲ ಸುತ್ತಿನಲ್ಲಿ ದರಗಳು ಚೆಲ್ಲಾಪಿಲ್ಲಿ. ಒಬ್ಬ 62ಕ್ಕೆ ಮಾರಿದ, ಇನ್ನೊಬ್ಬಳು 88 ಕೊಟ್ಟು ಕೊಂಡಳು. ಹಲಗೆಯ ಮೇಲಿನ ದರ ನೋಡಿಕೊಂಡು ಎರಡನೆಯ ಸುತ್ತಿನಲ್ಲಿ ಹುಷಾರಾದರು. ಮೂರನೆಯ ಸುತ್ತಿಗೆ ಎಲ್ಲ ದರಗಳೂ 74, 75, 76ರ ಸುತ್ತ ಬಂದು ನಿಂತವು. ಆಮೇಲೆ ಚೀಟಿಗಳನ್ನೆಲ್ಲ ಬಿಚ್ಚಿ ಹಲಗೆಯ ಮೇಲೆ ಪೂರೈಕೆಯ, ಬೇಡಿಕೆಯ ಎರಡೂ ರೇಖೆ ಎಳೆದರೆ, ಅವು ಕೂಡುವುದು ಸರಿಯಾಗಿ 75ರಲ್ಲಿ. 75 ಎಂದು ಯಾರೂ ಹೇಳಿರಲಿಲ್ಲ, ಯಾರಿಗೂ ಇನ್ನೊಬ್ಬರ ಚೀಟಿ ಗೊತ್ತಿರಲಿಲ್ಲ. ಮಕ್ಕಳ ಮುಖದಲ್ಲಿ ಆಗ ಕಾಣುವ ಬೆರಗಿಗಾಗಿಯೇ ನಾನು ಪ್ರತಿ ವರ್ಷ ಈ ಆಟ ಆಡಿಸುತ್ತೇನೆ.

ಅಲ್ಲಿಗೇ ಬಿಡುವುದಿಲ್ಲ. ನಾಲ್ಕನೆಯ ಸುತ್ತಿನಲ್ಲಿ ಬೆಂಬಲ ಬೆಲೆ 85 ಎಂದು ಸಾರುತ್ತೇನೆ. ಅದಕ್ಕಿಂತ ಕೆಳಗೆ ವ್ಯಾಪಾರ ಇಲ್ಲ. ಎಂಟು ರೈತರು ಮಾರಲು ಮುಂದೆ ಬರುತ್ತಾರೆ, ಕೊಳ್ಳಲು ನಾಲ್ವರೇ ಉಳಿಯುತ್ತಾರೆ. ನಾಲ್ಕು ಚೀಲ ಯಾರಿಗೂ ಬೇಡ. "ಈಗ ಏನು ಮಾಡೋಣ?" ಎಂದಾಗ ಯಾರಾದರೂ ಕೂಗುತ್ತಾರೆ, "ಸರ್ಕಾರ ತಗೋಬೇಕ್ರಿ!" ಒಬ್ಬನನ್ನು ಖರೀದಿ ಕೇಂದ್ರ ಮಾಡಿ ನಿಲ್ಲಿಸುತ್ತೇನೆ. ಅವನ ಕೈಯಲ್ಲಿ ಎರಡು ಚೀಲಕ್ಕಾಗುವಷ್ಟೇ ದುಡ್ಡು ಕೊಟ್ಟರೆ ಉಳಿದ ಇಬ್ಬರು ರೈತರು ಏನಾಗುತ್ತಾರೆ ಎಂಬುದನ್ನು ಅವರೇ ಆಡಿ ನೋಡುತ್ತಾರೆ. ಬೆಂಬಲ ಬೆಲೆ ಬೇಕೇ ಬೇಕು ಎನ್ನುವವಳು ನಾನು. ಆದರೆ ಖರೀದಿ ಇಲ್ಲದ ಬೆಂಬಲ ಬೆಲೆ ಕಾಗದದ ಮೇಲೆಯೇ ಉಳಿಯುತ್ತದೆ ಎಂಬುದು ಈ ಆಟದಿಂದ ತಿಳಿಯುವಷ್ಟು ನನ್ನ ಮಾತಿನಿಂದ ತಿಳಿಯುವುದಿಲ್ಲ.

ರೇಖೆ ಓದುವುದರಲ್ಲಿ ಇರುವ ತೊಡಕನ್ನೂ ಹೇಳಬೇಕು. ಬೆಲೆ ಕಾರಣ, ಪ್ರಮಾಣ ಪರಿಣಾಮ ಎನ್ನುತ್ತೇವೆ. ಗಣಿತ ಓದಿದವರು ಕಾರಣವನ್ನು ಅಡ್ಡ ಅಕ್ಷದಲ್ಲಿ ಹುಡುಕುತ್ತಾರೆ. 1890ರಲ್ಲಿ ತಮ್ಮ ದೊಡ್ಡ ಗ್ರಂಥ ಪ್ರಕಟಿಸಿದ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ ಬೆಲೆಯನ್ನು ಲಂಬ ಅಕ್ಷದಲ್ಲಿ ಇಟ್ಟರು, ಅದೇ ಉಳಿದುಬಂತು. ಇದನ್ನು ಮೊದಲೇ ಹೇಳಿಬಿಟ್ಟರೆ ಮಕ್ಕಳು ತಮ್ಮನ್ನು ದಡ್ಡರೆಂದುಕೊಳ್ಳುವುದು ತಪ್ಪುತ್ತದೆ.

ಇಷ್ಟಾದ ಮೇಲೆ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಅವನಿಗೆ ನಾನು ಉತ್ತರ ಕೊಟ್ಟದ್ದು ಎರಡು ವಾರದ ನಂತರ. ಹಲಗೆಯ ಮೇಲೆ ಎರಡು ತಿಂಗಳ ಹೆಸರು ಬರೆದೆ: ಜೂನ್, ಜನವರಿ. ಅಪ್ಪ ತೀರ್ಮಾನ ಮಾಡಿದ್ದು ಜೂನ್‌ನಲ್ಲಿ, ಹಿಂದಿನ ಸುಗ್ಗಿಯ ಬೆಲೆ ನೋಡಿ. ಮಾರಿದ್ದು ಜನವರಿಯಲ್ಲಿ, ಆ ದಿನದ ಬೆಲೆಗೆ. ಆ ಜೂನ್‌ನಲ್ಲಿಯೇ ಅದೇ ಬೆಲೆ ನೋಡಿ ಸಾವಿರಾರು ಅಪ್ಪಂದಿರು ಅದೇ ತೀರ್ಮಾನ ಮಾಡಿದ್ದರು. ಬೆಲೆ ಕಂಡು ಹೆಚ್ಚು ಬಿತ್ತಿದ್ದು ಪೂರೈಕೆಯ ರೇಖೆಯ ಮೇಲಿನ ಚಲನೆ. ಒಳ್ಳೆಯ ಮಳೆ ರೇಖೆಯನ್ನೇ ಬಲಕ್ಕೆ ಸರಿಸಿತು. ಎರಡೂ ಒಂದೇ ವರ್ಷ ಕೂಡಿದವು. ಬೆಲೆ ಬಿದ್ದಾಗ ಮುಂದಿನ ವರ್ಷ ಕಡಿಮೆ ಬಿತ್ತುತ್ತಾರೆ, ಬೆಲೆ ಮತ್ತೆ ಏರುತ್ತದೆ. ಚಿತ್ರ ಬರೆದರೆ ಜೇಡರ ಬಲೆಯಂತೆ ಸುತ್ತುತ್ತದೆ. ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್ 1934ರಲ್ಲಿ ಇದಕ್ಕೆ ಇಟ್ಟ ಹೆಸರೂ ಜೇಡರ ಬಲೆ ಎಂದೇ.

"ಹೆಚ್ಚು ಬೆಳೆದ್ರ ಹೆಚ್ಚು ರೊಕ್ಕ ಬರಬೇಕಲ್ರಿ?" ಎಂದ ಅವನು. ಲೆಕ್ಕ ಹಾಕಿಸಿದೆ. 10 ಕ್ವಿಂಟಲ್‌ಗೆ 8,000ದಂತೆ 80,000. ಬೆಳೆ 14 ಕ್ವಿಂಟಲ್ ಆಗಿ ದರ 5,000ಕ್ಕೆ ಬಿದ್ದರೆ 70,000. ಬೇಳೆ ಅಗ್ಗವಾಯಿತೆಂದು ಯಾರೂ ಸಾರಿಗೆ ಎರಡು ಪಾಲು ಬೇಳೆ ಹಾಕುವುದಿಲ್ಲ. ಬೇಡಿಕೆ ಹಿಗ್ಗದ ವಸ್ತುವಿನಲ್ಲಿ ತುಂಬಿದ ಕಣವೇ ರೈತನ ಆದಾಯ ತಿನ್ನುತ್ತದೆ. ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದನ್ನು ಹೇಳುವ ಸ್ಥಿತಿಸ್ಥಾಪಕತ್ವ ಎಂಬ ಉದ್ದದ ಪದ ಬರೆದದ್ದು ಈ ಲೆಕ್ಕ ಮುಗಿದ ಮೇಲೆ. ಅವನು ಆ ಎರಡು ಸಾಲಿನ ಲೆಕ್ಕವನ್ನು ನೋಟ್‌ಬುಕ್‌ನ ಹಿಂಬದಿಯ ಹಾಳೆಯಲ್ಲಿ ಬರೆದು, ಹಾಳೆ ಹರಿದು ಜೇಬಿಗೆ ಇಟ್ಟುಕೊಂಡ.

2017ರ ಜೂನ್‌ನಲ್ಲಿ ಅವನ ತಂದೆ ಫೋನ್ ಮಾಡಿದರು. "ಮೇಡಂ, ಈ ಸಲ ಏನ್ ಬಿತ್ತಬೇಕಂತ ನೀವೇ ಹೇಳ್ರಿ" ಎಂದರು. "ಅಣ್ಣಾವ್ರೆ, ಅದು ನನಗೆ ತಿಳಿಯೋದಲ್ಲ. ಮಗನ್ನ ಕೂಡಿಸಿಕೊಂಡು ಏನು ಹಾಕಿದರೆ ಏನು ಬಿಡಬೇಕಾಗ್ತದ ಅಂತ ಬರೀರಿ" ಎಂದೆ. ಬರೆದರಂತೆ. ಎರಡು ಎಕರೆ ತೊಗರಿ, ಎರಡು ಎಕರೆ ಹೆಸರು ಹಾಕಿದರು, ಹೆಸರು ತೆಗೆದ ಹೊಲಕ್ಕೆ ಹಿಂಗಾರಿ ಜೋಳ ಬಿತ್ತಿದರು.