ಬಗ್ ರಿಪೋರ್ಟ್ (ಆ್ಯಪ್‌ನ ತೊಂದ್ರೆ ಬಗ್ಗೆ ದೂರು) ಹೀಗೆ ಹಾಕಿ, ಬೇಗ ಸರಿಹೋಗುತ್ತೆ

"ಆ್ಯಪ್ ವರ್ಕ್ ಆಗ್ತಿಲ್ಲ" ಅಂತ ಒಂದೇ ಸಾಲು ಹಾಕಿದ್ರೆ ಡೆವಲಪರ್‌ಗೆ ಏನೂ ಗೊತ್ತಾಗಲ್ಲ, ಪಾಪ ಅವ್ರು ವಾಪಸ್ ಕೇಳ್ಬೇಕು, ನೀವು ಉತ್ತರ ಕೊಡೋಷ್ಟರಲ್ಲಿ ವಾರ ಕಳೆದಿರುತ್ತೆ. ಮೂರು ವಿಷಯ ಬರೀಲೇಬೇಕು: ಏನೇನು ಮಾಡಿದ್ರಿ, ಏನಾಗ್ಬೇಕಿತ್ತು, ಏನಾಯ್ತು. ಮೊದಲನೇದೇ ಮುಖ್ಯ. ಯಾವ ಪೇಜ್ ಓಪನ್ ಮಾಡಿ ಯಾವ ಬಟನ್ ಒತ್ತಿದ್ರಿ, ಪ್ರತಿ ಸಲ ಆಗುತ್ತಾ ಇಲ್ಲ ಯಾವಾಗ್ಲೋ ಒಮ್ಮೆನಾ, ಇದನ್ನ ಓದಿ ಇನ್ನೊಬ್ರಿಗೂ ಅದೇ ತೊಂದ್ರೆ ಬರಿಸೋಕೆ ಆದ್ರೆ ಅರ್ಧ ಕೆಲಸ ಮುಗೀತು. ಎರರ್ ಮೆಸೇಜ್ ನೆನಪಿಂದ ಬರೀಬೇಡಿ, ಇದ್ದ ಹಾಗೇ ಕಾಪಿ ಮಾಡಿ, ವರ್ಷನ್ ನಂಬರ್ ಸೇರಿಸಿ. ಸ್ಕ್ರೀನ್‌ಶಾಟಲ್ಲಿ ಫೋನ್ ನಂಬರ್, ಓಟಿಪಿ ಕಾಣಿಸ್ತಿದ್ರೆ ದಯವಿಟ್ಟು ಮರೆಮಾಡಿ.

ರಿಪೋರ್ಟ್ ಹಾಕೋಕೆ ಮುಂಚೆ ಬೇರೆ ಯಾರಾದ್ರೂ ಹಾಕಿದ್ದಾರಾ ಹುಡುಕಿ. ಅದೇ ದೂರು ಇದ್ರೆ "ನಂಗೂ" ಅಂತ ಕಾಮೆಂಟ್ ಬೇಡ, ಎಲ್ರಿಗೂ ನೋಟಿಫಿಕೇಶನ್ ಹೋಗುತ್ತೆ, ಗಿಟ್‌ಹಬ್ (ಡೆವಲಪರ್‌ಗಳು ಕೋಡ್ ಇಟ್ಟು, ಇಂಥ ದೂರು ತಗೊಳ್ಳೋ ಸೈಟ್) 2016ರಲ್ಲಿ ಥಂಬ್ಸ್‌ಅಪ್ ರಿಯಾಕ್ಷನ್ ತಂದಿದ್ದು ಇದಕ್ಕೇ. ಇಶ್ಯೂ ಟೆಂಪ್ಲೇಟೂ (ದೂರು ಬರೆಯೋಕೆ ಮೊದಲೇ ಸಿದ್ಧ ಮಾಡಿಟ್ಟ ನಮೂನೆ) ಅದೇ ವರ್ಷ ಬಂತು, ಪ್ರಾಜೆಕ್ಟ್ ನಡೆಸೋರು ಅಂಥದ್ದೊಂದು ಇಡ್ಲೇಬೇಕು ಅಂತೀನಿ.

ಫೀಚರ್ ಕೇಳೋವಾಗ "ಇಲ್ಲೊಂದು ಬಟನ್ ಕೊಡಿ" ಅನ್ನೋ ಬದ್ಲು ನಿಮ್ಗೆ ಏನು ಮಾಡೋಕೆ ಕಷ್ಟ ಆಗ್ತಿದೆ ಅದನ್ನ ಹೇಳಿ, ಬಟನ್‌ಗಿಂತ ಒಳ್ಳೇ ದಾರಿ ಅವ್ರಿಗೆ ಹೊಳೀಬಹುದು. ಹಾಂ, ಒಂದು ರಿಪೋರ್ಟಲ್ಲಿ ಒಂದೇ ವಿಷಯ.