ಖಾಲಿ ಸೀಟಿನ ಎಚ್ಚರಿಕೆ ಸದ್ದು: ನಾನು ದೋಷ ಕಂಡುಹಿಡಿದ ಬಗೆ

ವಿಜಯಪುರದಿಂದ ಬಾಗಲಕೋಟೆಗೆ ಒಬ್ಬನೇ ಹೊರಟಿದ್ದಾಗ, ಕೊಲ್ಹಾರ ಸೇತುವೆಯ ಹತ್ತಿರ, ಪಕ್ಕದ ಖಾಲಿ ಸೀಟಿಗೆ ಬೆಲ್ಟ್ ಹಾಕಿಲ್ಲವೆಂಬ ಎಚ್ಚರಿಕೆಯ ಸದ್ದು ಶುರುವಾಯಿತು. ನಕಲಿ ಬಕಲ್ ಸಿಕ್ಕಿಸಿ ಅದರ ಬಾಯಿ ಮುಚ್ಚಿಸಬಹುದಿತ್ತು. ಆದರೆ ಆ ಸೀಟಿನಲ್ಲಿ ಕೂರುವವರು ನನ್ನ ತಾಯಿ, ಆದ್ದರಿಂದ ಮೂಲವನ್ನೇ ಹುಡುಕಿದೆ.

ನಮ್ಮ ಕಾರಿನಲ್ಲಿ ಕುಶನ್ನಿನೊಳಗಿನ ಸೆನ್ಸರ್ ಹಾಳೆಯು, ತೂಕ ಬಿದ್ದಾಗ ಎರಡು ತಂತಿಗಳನ್ನು ಕೂಡಿಸುವ ಸರಳ ಸ್ವಿಚ್. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ಸೆನ್ಸರಿನ ಕನೆಕ್ಟರನ್ನಷ್ಟೇ ಕಳಚಿದೆ. ಪಕ್ಕದ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು. ವಿದ್ಯುತ್ ಅಳೆಯುವ ಮಲ್ಟಿಮೀಟರಿನ ಅಲ್ಪ ವಿದ್ಯುತ್ತೂ ಏರ್‌ಬ್ಯಾಗನ್ನು ಸಿಡಿಸಬಹುದಾದ್ದರಿಂದ ಆ ಕನೆಕ್ಟರನ್ನು ಯಾರೂ ಅಳೆಯಬಾರದು.

ಸೆನ್ಸರಿನ ಕನೆಕ್ಟರಿಗೆ ಮಲ್ಟಿಮೀಟರ್ ಹಿಡಿದಾಗ, ಖಾಲಿ ಸೀಟಿನಲ್ಲಿ ತೆರೆದಿರಬೇಕಾದ ಸರ್ಕೀಟು ಹೆಚ್ಚುಕಡಿಮೆ ಸೊನ್ನೆ ಓಮ್ ತೋರಿಸಿತು, ಅಂದರೆ ಎರಡು ತಂತಿಗಳು ಎಲ್ಲೋ ಕೂಡಿಕೊಂಡಿದ್ದವು. ಸೀಟನ್ನು ಎರಡು ಹಲ್ಲು ಹಿಂದಕ್ಕೆ ಸರಿಸಿದೊಡನೆ ಆ ರೀಡಿಂಗ್ ಮಾಯವಾಯಿತು. ಅಂದರೆ ಹಾಳೆ ಸರಿಯಿತ್ತು, ದೋಷ ತಂತಿಯಲ್ಲಿತ್ತು. ಟಾರ್ಚ್ ಹಿಡಿದು ನೋಡಿದಾಗ, ಸೀಟು ಸರಿಯುವ ಹಳಿಯ ಚೂಪಾದ ಅಂಚಿಗೆ ಉಜ್ಜಿ ಹೊದಿಕೆ ಸವೆದ ಎರಡು ತಂತಿಗಳ ತಾಮ್ರ ಒಂದಕ್ಕೊಂದು ತಾಗಿ ಹೊಳೆಯುತ್ತಿತ್ತು.

ಸವೆದ ಭಾಗ ಕತ್ತರಿಸಿ, ಅದೇ ದಪ್ಪದ ತಂತಿ ಬೆಸೆದು, ಬೆಸುಗೆಗಳನ್ನು ಒಂದರ ಪಕ್ಕ ಒಂದು ಬಾರದಂತೆ ಹಿಂದೆಮುಂದೆ ಇಟ್ಟು, ಬಿಸಿಗೆ ಕುಗ್ಗಿ ತಂತಿಯನ್ನು ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ ತೊಡಿಸಿದೆ. ಸೀಟು ಪೂರ್ತಿ ಸರಿದರೂ ಬಿಗಿಯಾಗದಷ್ಟು ಸಡಿಲ ಬಿಟ್ಟು, ಹಳಿಯಿಂದ ದೂರ ಕಟ್ಟಿದೆ. ಈಗ ತಾಯಿ ಕೂತರೆ ಮಾತ್ರ ಸದ್ದು ಬರುತ್ತದೆ, ಬೆಲ್ಟ್ ಹಾಕಿದೊಡನೆ ನಿಲ್ಲುತ್ತದೆ.