ಫಿಲ್ಟರ್ ಪೇಪರ್ ಕರಗಿದ ಮೇಲೆ

ಸೊಪ್ಪು, ಕಾಳಿನ ಸಿಪ್ಪೆ, ರಾಗಿ ತೌಡಿನಲ್ಲಿರುವ ಸೆಲ್ಯುಲೋಸ್ ಅನ್ನುವ ನಾರನ್ನು ಒಡೆಯುವ ಕಿಣ್ವ ನಮ್ಮ ದೇಹದಲ್ಲಿ ಇಲ್ಲ. ಆ ಕೆಲಸ ಮಾಡುವುದು ದೊಡ್ಡ ಕರುಳಿನ ಬ್ಯಾಕ್ಟೀರಿಯಾ. ಅವುಗಳಲ್ಲೂ ಗಟ್ಟಿ ಸೆಲ್ಯುಲೋಸಿಗೆ ಬಾಯಿ ಹಾಕುವವು ತೀರಾ ಕಡಿಮೆ. ಅಂಥವನ್ನು ಹುಡುಕಿ ಬೆಳೆಸುವುದೇ ನನ್ನ ಕೆಲಸ.

ಇವಕ್ಕೆ ಆಕ್ಸಿಜನ್ ವಿಷ. ಮಲದ ಸ್ಯಾಂಪಲ್ ಬಂದ ಕೂಡಲೇ ನೈಟ್ರೋಜನ್, ಕಾರ್ಬನ್ ಡೈಆಕ್ಸೈಡ್, ಸ್ವಲ್ಪ ಹೈಡ್ರೋಜನ್ ತುಂಬಿದ ಚೇಂಬರಿನೊಳಗೆ ಸೇರಿಸುತ್ತೇನೆ. ಇವನ್ನು ಬೆಳೆಸುವ ದ್ರವದಲ್ಲಿ, ಅಂದರೆ ಮೀಡಿಯಂನಲ್ಲಿ, ರೆಸಾಜುರಿನ್ ಅನ್ನುವ ಬಣ್ಣ ಇರುತ್ತದೆ. ಆಕ್ಸಿಜನ್ ನುಸುಳಿದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಂಥ ಟ್ಯೂಬನ್ನು ಹಿಂದೆಮುಂದೆ ನೋಡದೆ ಪಕ್ಕಕ್ಕಿಡುತ್ತೇನೆ.

ಮೀಡಿಯಂಗೆ ಸಕ್ಕರೆ ಹಾಕುವುದೇ ಇಲ್ಲ. ಹಾಕಿದರೆ ಬೇಗ ಬೆಳೆಯುವ ಜೀವಿಗಳು ಟ್ಯೂಬನ್ನೆಲ್ಲಾ ಆವರಿಸಿಬಿಡುತ್ತವೆ. ಊಟ ಅಂತ ಇರುವುದು ಒಂದು ಪಟ್ಟಿ ಫಿಲ್ಟರ್ ಪೇಪರ್. ಅದು ಹೆಚ್ಚುಕಮ್ಮಿ ಶುದ್ಧ ಸೆಲ್ಯುಲೋಸ್. ಜೊತೆಗೆ ಸೋಸಿ ಸ್ಟೆರಿಲೈಸ್ ಮಾಡಿದ, ಹಸುವಿನ ಹೊಟ್ಟೆಯ ದ್ರವ ಸ್ವಲ್ಪ. ಅದರಲ್ಲಿರುವ ಸಣ್ಣ ಕೊಬ್ಬಿನಾಮ್ಲಗಳು ಇವುಗಳ ಬೆಳವಣಿಗೆಗೆ ಬೇಕು. ಆಮೇಲೆ 37 ಡಿಗ್ರಿಯಲ್ಲಿಟ್ಟು ಕಾಯಬೇಕು.

ಮೊದಮೊದಲು ಏನೂ ಕಾಣುವುದಿಲ್ಲ. ನಿಧಾನವಾಗಿ ಪಟ್ಟಿಯ ಅಂಚು ಎಳೆ ಬಿಡುತ್ತದೆ, ಮಧ್ಯೆ ತೆಳುವಾಗುತ್ತದೆ. ಒಂದು ದಿನ ಟ್ಯೂಬನ್ನು ಮೆಲ್ಲಗೆ ಅಲ್ಲಾಡಿಸಿದರೆ ಪೇಪರ್ ನೆನೆದ ಅವಲಕ್ಕಿ ಥರ ಚೂರುಚೂರಾಗಿ ತಳಕ್ಕಿಳಿಯುತ್ತದೆ. ಆಗ ಆಗುವ ಖುಷಿ ಇವತ್ತಿಗೂ ಕಮ್ಮಿಯಾಗಿಲ್ಲ.

ಆದರೆ ಪೇಪರ್ ಒಡೆದದ್ದು ಯಾವುದು? ಟ್ಯೂಬಿನಲ್ಲಿ ದೊಡ್ಡ ಗುಂಪೇ ಇರುತ್ತದೆ. ಒಂದು ಒಡೆಯುತ್ತದೆ, ಉಳಿದವು ಹೊರಬಂದ ಸಕ್ಕರೆ ತಿಂದು ಬದುಕುತ್ತವೆ. ಕಷ್ಟವೆಲ್ಲಾ ಇವನ್ನು ಬೇರ್ಪಡಿಸುವುದರಲ್ಲೇ. ನಾನು ನಂಬುವುದು ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಹಂಗೇಟ್ ರೂಪಿಸಿದ ಹಳೆಯ ರೋಲ್ ಟ್ಯೂಬ್ ವಿಧಾನವನ್ನು. ನುಣ್ಣಗೆ ಅರೆದ ಸೆಲ್ಯುಲೋಸ್ ಬೆರೆಸಿದ, ತಣಿದರೆ ಗಟ್ಟಿಯಾಗುವ ಬಿಸಿ ಅಗರ್‌ಗೆ ಸ್ಯಾಂಪಲ್ ಹಾಕಿ, ಮುಚ್ಚಿದ ಟ್ಯೂಬನ್ನು ಐಸ್ ನೀರಿನಲ್ಲಿ ಉರುಳಿಸಬೇಕು. ಒಳಗೋಡೆಗೆ ಬಿಳಿ ಪದರ ಹಿಡಿಯುತ್ತದೆ. ಮುಂದೆ ಆ ಬಿಳುಪಿನಲ್ಲಿ ಎಲ್ಲಿ ಪಾರದರ್ಶಕ ಉಂಗುರ ಮೂಡುತ್ತದೋ, ಅದರ ನಡುವಿನ ಚುಕ್ಕೆಯೇ ನಮಗೆ ಬೇಕಾದದ್ದು. ಅದನ್ನು ಎತ್ತಿ ಮತ್ತೆ ಪೇಪರ್ ಕೊಡುತ್ತೇನೆ. ಒಂಟಿಯಾಗಿಯೂ ಒಡೆದರೆ ಮಾತ್ರ ಮುಂದಿನ ಹೆಜ್ಜೆ.

ಹೊಸದೋ ಅಲ್ಲವೋ ಅನ್ನುವುದು ಆಮೇಲಿನ ಪ್ರಶ್ನೆ. ಬ್ಯಾಕ್ಟೀರಿಯಾ ಗುರುತಿಸಲು ಬಳಸುವ 16ಎಸ್ ಜೀನ್ ಗೊತ್ತಿರುವ ಪ್ರಭೇದಗಳ ಜೊತೆ ಸುಮಾರು ಶೇ. 98.7ಕ್ಕಿಂತ ಕಡಿಮೆ ಹೋಲಿದರೆ ಆಸೆ ಚಿಗುರುತ್ತದೆ. ಅಷ್ಟಕ್ಕೇ ಹೊಸದು ಅಂತ ಹೇಳಬಾರದು. ಪೂರ್ತಿ ಜೀನೋಮ್, ಅಂದರೆ ಅದರ ಎಲ್ಲಾ ಡಿಎನ್‌ಎ, ಓದಿಸಬೇಕು. ಸೆಲ್ಯುಲೋಸೋಮ್ ಕಟ್ಟುವ ಜೀನ್‌ಗಳಿವೆಯಾ ಅಂತ ಅದರಲ್ಲೇ ಹುಡುಕುತ್ತೇನೆ. ಹಲವು ಕಿಣ್ವಗಳನ್ನು ಒಂದೇ ಚೌಕಟ್ಟಿಗೆ ಜೋಡಿಸಿದ ಪ್ರೋಟೀನ್ ಯಂತ್ರ ಅದು. 2012ರಲ್ಲಿ ಮನುಷ್ಯರ ಕರುಳಿನಿಂದ ವಿವರಿಸಿದ ಬ್ಯಾಕ್ಟೀರಿಯಾ ರುಮಿನೊಕಾಕಸ್ ಚಾಂಪನೆಲ್ಲೆನ್ಸಿಸ್‌ನಲ್ಲೂ ಅದು ಇದೆ.

2024ರಲ್ಲಿ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಇಟ್ಜಾಕ್ ಮಿಜ್ರಾಹಿ ತಂಡ ಇಂಥದೇ ರುಮಿನೊಕಾಕಸ್ ಪ್ರಭೇದಗಳನ್ನು ವರದಿ ಮಾಡಿತು. ಬೇಟೆಯಾಡಿ ಬದುಕುವವರಲ್ಲಿ, ಹಳ್ಳಿಗರಲ್ಲಿ ಅವು ಜಾಸ್ತಿ. ಕೈಗಾರಿಕಾ ದೇಶಗಳ ಜನರಲ್ಲಿ ಅಪರೂಪ. ಅದನ್ನು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ನಮ್ಮ ಕಡೆಯೂ ಊಟ ಬದಲಾಗುತ್ತಿದೆ, ಅಲ್ವಾ? ಅದಕ್ಕೇ ಈಗಲೂ ಮುದ್ದೆ, ಸೊಪ್ಪಿನ ಸಾರು ಉಣ್ಣುವ ಮನೆಗಳ ಸ್ಯಾಂಪಲ್‌ಗೆ ನಾನು ಮೊದಲ ಜಾಗ ಕೊಡುತ್ತೇನೆ. ಶುದ್ಧವಾಗಿ ಸಿಕ್ಕ ಪ್ರತಿಯೊಂದನ್ನೂ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇನೆ. ಹೊಸ ಪ್ರಭೇದ ಅಂತ ಹೆಸರು ಮಾನ್ಯವಾಗಲು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಿಗೆ ಜೀವಂತ ಕಲ್ಚರ್ ಕೊಡಬೇಕು. ನಮ್ಮ ದೇಶದಲ್ಲಾದರೆ ಪುಣೆಯಲ್ಲಿ ಅಂಥ ಸಂಗ್ರಹಾಲಯ ಇದೆ.